ಮೈಸೂರಿನ ಜಾವಾ ಸಿಂಹಾಚಲಂ ಬೆಟ್ಟ ಹತ್ತಬೇಕಾದರೆ

ವಿಶಾಖಪಟ್ಟಣಂ: ಸಿಂಹಾಚಲಂ ಬೆಟ್ಟ ಹತ್ತಿ ವರಾಹ ಲಕ್ಷ್ಮೀನರಸಿಂಹ ಸ್ವಾಮಿಯ ದರ್ಶನ ಪಡೆದು ಬಂದ ಕನ್ನಡಿಗರಿಗೆಲ್ಲ ಒಂದು ಸಂಗತಿ ತಿಳಿದೇ ಇರುತ್ತದೆ. ವರ್ಷವಿಡೀ ಇಲ್ಲಿ ಸ್ವಾಮಿಯ ಮೂರ್ತಿಯು ಗಂಧದ ಲೇಪನದೊಳಗೆ ಇರುತ್ತದೆ. ಅಕ್ಷಯ ತದಿಗೆಯಂದು ಮಾತ್ರ ಆ ಲೇಪನವನ್ನು ತೆಗೆದು ಭಕ್ತರಿಗೆ ನಿಜರೂಪ ದರ್ಶನ ಮಾಡಿಸುತ್ತಾರೆ. ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಇಲ್ಲಿಗೆ ಬಂದು ಕಾಣಿಕೆ ಅರ್ಪಿಸಿದ್ದನ್ನು ದೇವಾಲಯದ ಶಾಸನ ಹೇಳುತ್ತದೆ. ಕರ್ನಾಟಕಕ್ಕೂ ಈ ಬೆಟ್ಟಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ.

ದೇವರ ಮಾತನ್ನು ಯಂತ್ರಕ್ಕೆ ಹೋಲಿಸುವುದು ತರವಲ್ಲ. ಆದರೂ ಹಳೆಯ ಮೋಟಾರ್‌ಸೈಕಲ್ ಒಂದನ್ನು ಮತ್ತೆ ಜೀವಂತಗೊಳಿಸುವವರಿಗೆ ಈ ನಿಜರೂಪದ ಮಾತು ನೆನಪಾಗದೆ ಇರದು. ಮೇಲೆ ಬಳಿದ ಬಣ್ಣ, ಅದರ ಕೆಳಗಿನ ಇನ್ನೊಂದು ಬಣ್ಣ, ಎಣ್ಣೆ ಜಿಡ್ಡು, ತುಕ್ಕು ಎಲ್ಲವನ್ನೂ ತೆಗೆದಾಗಲೇ ಗಾಡಿಯ ನಿಜ ಸ್ಥಿತಿ ತಿಳಿಯುವುದು. ಹೊಳಪು ಕೊಡುವುದು ಕೊನೆಯ ಕೆಲಸ. ಮೊದಲ ಕೆಲಸ ಒಳಗಿನ ಸತ್ಯವನ್ನು ಅಳತೆ ಮಾಡಿ ನೋಡುವುದು.

ಬಂದರು, ಹಡಗುಕಟ್ಟೆ, ನೌಕಾಪಡೆ, ಉಕ್ಕಿನ ಕಾರ್ಖಾನೆ, ಬ್ಯಾಂಕು, ಹೋಟೆಲು ಎಂದು ಹಲವು ಕೆಲಸಗಳಿಗಾಗಿ ಈ ಕಡಲತೀರಕ್ಕೆ ಬಂದು ನೆಲೆಸಿದ ಹೊರನಾಡ ಕನ್ನಡಿಗರ ಪೈಕಿ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಇಂಥವರದೇ ಮನೆ ಎಂದಲ್ಲ, ಯಾರ ಮನೆಯೂ ಆಗಬಹುದು. ತಂದೆಯವರು 1968ರಲ್ಲಿ ಮೈಸೂರಿನಲ್ಲಿ ಕೊಂಡ ಜಾವಾ ಬೈಕು. ಕೆಲಸದ ಮೇಲೆ ಇಲ್ಲಿಗೆ ಬಂದಾಗ ರೈಲಿನಲ್ಲಿ ತರಿಸಿಕೊಂಡದ್ದು. ಈಗ ಸಿಂಹಾಚಲಂ ಬೆಟ್ಟದ ಬುಡದ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದಾಗ ಶೆಡ್ಡಿನ ತಗಡು ಹಾರಿಹೋಗಿ ಗಾಡಿ ಮಳೆಯಲ್ಲಿ ನೆನೆಯಿತು. ತಂದೆಯವರು ಈಗಿಲ್ಲ. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿಬಿಡೋಣ ಎಂದು ಒಬ್ಬ ಮಗ, ಇಟ್ಟುಕೊಳ್ಳೋಣ ಎಂದು ಇನ್ನೊಬ್ಬ. ಇಂತಹ ಮಾತು ನಡೆಯುತ್ತಿರುವ ಮನೆಯವರು ತೀರ್ಮಾನಕ್ಕೆ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಯಾದವಗಿರಿಯ ಕಾರ್ಖಾನೆ

ಜಾವಾ ಎಂಬುದು ಮೂಲತಃ ಚೆಕೊಸ್ಲೊವಾಕಿಯಾದ ಹೆಸರು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್‌ನ ಎರಡು ಅಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು ಅದು. ನಮ್ಮ ದೇಶದಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಿಂದ ಅಲ್ಲಿ ತಯಾರಿಕೆ ನಡೆಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಈ ಕಾರ್ಖಾನೆಗಿತ್ತು.

ಮದರಾಸಿನ ಎನ್‌ಫೀಲ್ಡ್, ಉತ್ತರದ ರಾಜದೂತ್, ನಮ್ಮ ಮೈಸೂರಿನ ಜಾವಾ, ಅಂದಿನ ರಸ್ತೆಗಳಲ್ಲಿ ಕಾಣುತ್ತಿದ್ದ ಬೈಕುಗಳು ಬಹುಪಾಲು ಇವೇ. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಬಹಳ ವರ್ಷ ಓಡಿತು. ಜಪಾನಿನ ಸಹಯೋಗದ ಹಗುರ ಬೈಕುಗಳು ಬಂದ ಮೇಲೆ ಪೆಟ್ರೋಲು ಹೆಚ್ಚು ಕುಡಿಯುವ ಹಳೆಯ ಯಂತ್ರಗಳಿಗೆ ಬೇಡಿಕೆ ಕುಸಿಯಿತು. ಹೊಗೆ ನಿಯಂತ್ರಣದ ಕಾನೂನುಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಲ್ಲಿ ದುಡಿದ ಕೈಗಳೆಲ್ಲ ಬೇರೆ ಬೇರೆ ದಾರಿ ಹಿಡಿದವು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬೈಕುಗಳು ಮಾರುಕಟ್ಟೆಗೆ ಬಂದದ್ದು ನಿಜ. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಫೋರ್‌ಸ್ಟ್ರೋಕ್ ಯಂತ್ರಗಳು. ಅದರ ಎಂಜಿನ್ನಿನ ಬಿಡಿಭಾಗ ಹಳೆಯದಕ್ಕೆ ಹೊಂದದು. ಆದ್ದರಿಂದ ಮೈಸೂರಿನಲ್ಲಿ ಹುಟ್ಟಿದ ಗಾಡಿ ಇನ್ನು ಹೊಸದಾಗಿ ಬರುವುದಿಲ್ಲ. ಇರುವುದನ್ನು ಉಳಿಸಿಕೊಂಡರೆ ಉಂಟು.

ಬಿಚ್ಚಲೆಂದೇ ಮಾಡಿದ ಎಂಜಿನ್

ಹಳೆಯ ಜಾವಾ 250 ಒಂದೇ ಸಿಲಿಂಡರಿನ ಟೂಸ್ಟ್ರೋಕ್ ಎಂಜಿನ್. ಸಿಲಿಂಡರಿನ ಅಡ್ಡಳತೆ 65 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ. ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿರುವ ವಾಲ್ವ್, ಕ್ಯಾಮ್ ಯಾವುದೂ ಇದರಲ್ಲಿಲ್ಲ. ಸಿಲಿಂಡರ್ ಗೋಡೆಯಲ್ಲಿನ ಕಿಂಡಿಗಳನ್ನು ಪಿಸ್ಟನ್ ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಸುಟ್ಟ ಹೊಗೆ ಎರಡು ಕಿಂಡಿಗಳಿಂದ ಎರಡು ಸೈಲೆನ್ಸರಿಗೆ ಹೋಗುತ್ತದೆ. ಗೇರು ಹಾಕುವ ಎಡಗಾಲಿನ ಪೆಡಲನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒಂದೇ ಪೆಡಲಿನಲ್ಲಿ ಎರಡು ಕೆಲಸ ಮಾಡಿಸಿದ ಈ ಜಾಣತನವನ್ನು ಸವಾರಿ ಮಾಡಿದವರಾರೂ ಮರೆತಿರಲಿಕ್ಕಿಲ್ಲ.

ಚಲಿಸುವ ಭಾಗಗಳು ಕಡಿಮೆಯಿರುವುದರಿಂದಲೇ ಇದನ್ನು ಮತ್ತೆ ಕಟ್ಟಲು ಸಾಧ್ಯ. ಆದರೆ ಸರಳ ಎಂದ ಮಾತ್ರಕ್ಕೆ ಸುಲಭ ಎಂದು ತಿಳಿಯಬಾರದು. ಹಲವು ವರ್ಷ ನಿಂತ ಗಾಡಿಯನ್ನು ಹೊರಗೆಳೆದ ಕೂಡಲೇ ಕಿಕ್ಕರ್ ಮೇಲೆ ನಿಲ್ಲುವುದು ಎಲ್ಲರೂ ಮಾಡುವ ಮೊದಲ ತಪ್ಪು. ಎರಕದ ಕಬ್ಬಿಣದ ಸಿಲಿಂಡರಿಗೆ ಪಿಸ್ಟನ್ ರಿಂಗು ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಬಲವಂತ ಮಾಡಿದರೆ ರಿಂಗು ಮುರಿದು ಸಿಲಿಂಡರ್ ಗೀಚಿಹೋಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಬೇಕು. ಆಮೇಲೆ ಹಿಂದಿನ ಚಕ್ರವನ್ನು ಗೇರಿನಲ್ಲಿಟ್ಟು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ ನೋಡಬೇಕು.

ಬಿಚ್ಚುವಾಗ ಒಂದು ನೋಟ್‌ಬುಕ್ ಕೈಯಲ್ಲಿರಲಿ. ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗಬೇಕಾದ ಹಾಗೆಯೇ ಇಲ್ಲಿಯೂ. ಯಾವ ಸ್ಕ್ರೂ ಎಲ್ಲಿಂದ ಬಂತು, ಯಾವ ವಾಶರ್ ಯಾವುದರ ಕೆಳಗಿತ್ತು ಎಂದು ಬರೆದು, ಫೋಟೋ ತೆಗೆದು, ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ಆರು ತಿಂಗಳ ನಂತರ ಜೋಡಿಸುವಾಗ ನೆನಪು ಕೈಕೊಡುತ್ತದೆ, ನೋಟ್‌ಬುಕ್ ಕೈಕೊಡುವುದಿಲ್ಲ.

ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ

ಕ್ಲಚ್ಚಿನ ಹಬ್, ಎಂಜಿನ್ ಸ್ಪ್ರಾಕೆಟ್, ಡೈನಮೊದ ತಿರುಗುವ ಭಾಗ ಈ ಮೂರನ್ನೂ ಅದಕ್ಕೆಂದೇ ಇರುವ ಪುಲ್ಲರ್‌ನಿಂದಲೇ ಎಳೆಯಬೇಕು. ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ ಬಾಗುತ್ತದೆ. ಎಂಜಿನ್ ಕವಚ ಅಲ್ಯುಮಿನಿಯಂನದು, ಬೇರಿಂಗು ಉಕ್ಕಿನದು. ಬಿಸಿಗೆ ಅಲ್ಯುಮಿನಿಯಂ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಕವಚವನ್ನು ನೀರಿನ ಹನಿ ಚುರ್ರೆನ್ನುವಷ್ಟು ಬಿಸಿ ಮಾಡಿದರೆ ಹಳೆಯ ಬೇರಿಂಗು ತಾನಾಗಿಯೇ ಸಡಿಲವಾಗುತ್ತದೆ. ಹೊಸದನ್ನು ಕೂರಿಸುವಾಗಲೂ ಇದೇ ಉಪಾಯ. ಹಳೆಯ ಮೆಕ್ಯಾನಿಕರು ಕೆಲಸದ ನಡುವೆ ಕಲಿತಿದ್ದು ಇಂತಹ ವಿದ್ಯೆಯನ್ನೇ.

ಎಂಜಿನ್ನಿನ ಪ್ರಾಣ ಇರುವುದು ಕ್ರ್ಯಾಂಕಿನಲ್ಲಿ. ಎರಡು ಭಾರದ ಚಕ್ರಗಳ ನಡುವೆ ಒಂದು ಪಿನ್, ಆ ಪಿನ್ನಿನ ಮೇಲೆ ರೋಲರ್ ಬೇರಿಂಗು, ಅದರ ಮೇಲೆ ಕನೆಕ್ಟಿಂಗ್ ರಾಡ್. ಎಲ್ಲವನ್ನೂ ಒತ್ತಡದಿಂದ ಕೂರಿಸಲಾಗಿದೆ. ರಾಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸದ್ದು ಬಂದರೆ ಬೇರಿಂಗು ಹೋಗಿದೆ ಎಂದರ್ಥ. ಪಕ್ಕಕ್ಕೆ ಸ್ವಲ್ಪ ಸರಿದಾಡಿದರೆ ತೊಂದರೆಯಿಲ್ಲ. ಹೊಸ ರಾಡ್ ಹಾಕಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಒತ್ತಿ ಕೂರಿಸಿದ ಮೇಲೆ ಡಯಲ್ ಗೇಜಿನಲ್ಲಿ ತಿರುಗಿಸಿ, ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನೊಳಗೆ ಸೊಟ್ಟ ಉಳಿಯುವಂತೆ ನೆಟ್ಟಗೆ ಮಾಡಬೇಕು. ಇದನ್ನು ಅಂದಾಜಿನಲ್ಲಿ ಮಾಡಿಸಿದರೆ ಹೊಸ ಬೇರಿಂಗುಗಳೂ ಬೇಗ ಸವೆಯುತ್ತವೆ.

ಇಲ್ಲಿಯ ಕನ್ನಡಿಗರಿಗೆ ಒಂದು ಅನುಕೂಲವಿದೆ. ವಿಶಾಖಪಟ್ಟಣದಲ್ಲಿ ಗಾಜುವಾಕದ ಆಟೋನಗರವಿದೆ. ರೈಲಿನಲ್ಲಿ ಸುಮಾರು 350 ಕಿ.ಮೀ. ಹೋದರೆ ವಿಜಯವಾಡದ ಆಟೋನಗರ. 1960ರ ದಶಕದಲ್ಲಿ ಆರಂಭವಾದ ಅದು ಲಾರಿ, ಬಸ್ಸುಗಳ ದುರಸ್ತಿಗೆ ದೇಶದಲ್ಲೇ ಹೆಸರಾದ ಜಾಗ. ಲೇತ್, ಬೋರಿಂಗ್, ಕ್ರ್ಯಾಂಕ್ ಕೆಲಸಕ್ಕೆ ಪಳಗಿದ ಕೈಗಳು ಅಲ್ಲಿವೆ. ಆದರೆ ಅವರ ಕಣ್ಣಿಗೆ ಪರಿಚಿತವಾದದ್ದು ದೊಡ್ಡ ಡೀಸೆಲ್ ಎಂಜಿನ್. ಜಾವಾದ ಅಳತೆಗಳನ್ನು ಬರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತು ಮಾಡಿಸುವುದು ಮೇಲು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಮೈಸೂರಿನ ಹಳೆಯ ಅಂಗಡಿಗಳನ್ನು ಊರಿಗೆ ಹೋದಾಗಲೆಲ್ಲ ವಿಚಾರಿಸುತ್ತಿರಬೇಕು.

ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ, ಅದೂ ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಹೆಚ್ಚು ಸವೆದಿದ್ದರೆ ಬೋರ್ ಹೊಡೆಸಿ ಮುಂದಿನ ಅಳತೆಯ ಪಿಸ್ಟನ್ ಹಾಕಬೇಕು. ಪಿಸ್ಟನ್ ಮೊದಲು ಕೈಗೆ ಬರಲಿ, ಬೋರಿಂಗ್ ಆಮೇಲೆ. ಬೋರ್ ಮಾಡಿದ ನಂತರ ಕಿಂಡಿಗಳ ಅಂಚನ್ನು ಉಜ್ಜಿ ಮೊನಚು ತೆಗೆಯದಿದ್ದರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗಿರಬೇಕು.

ಹತ್ತಾರು ರೂಪಾಯಿಯ ರಬ್ಬರು

ಇಷ್ಟೆಲ್ಲ ಮಾಡಿಸಿ, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನು ಹಳೆಯದೇ ಇರಲಿ ಎಂದು ಬಿಟ್ಟವರುಂಟು. ಟೂಸ್ಟ್ರೋಕ್‌ನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು ನಂತರ ಮೇಲೆ ಹೋಗುತ್ತದೆ. ಎಡಗಡೆಯ ಸೀಲು ಸೋರಿದರೆ ಗೇರ್‌ಬಾಕ್ಸಿನ ಎಣ್ಣೆ ಒಳಕ್ಕೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಎಣ್ಣೆಯ ಮಟ್ಟವೂ ಇಳಿಯುತ್ತ ಹೋಗುತ್ತದೆ. ಬಲಗಡೆ, ಅಂದರೆ ಡೈನಮೊ ಕಡೆಯ ಸೀಲು ಸೋರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಕೆಲಸವನ್ನು ಹಾಳುಮಾಡುವುದು ಇಷ್ಟು ಸಣ್ಣ ರಬ್ಬರು ಎಂದರೆ ಆಶ್ಚರ್ಯವಾಗುತ್ತದೆ.

ಪೆಟ್ರೋಲಿನ ಮಾತೂ ಇದೆ. ಟೂಸ್ಟ್ರೋಕ್‌ಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಲೀಟರಿಗೆ 40 ಮಿ.ಲೀ. ಎಂಬುದು ಹಳೆಯ ಸವಾರರ ರೂಢಿಯ ಅಳತೆ. ಮರೆತರೆ ಎಂಜಿನ್ನಿಗೆ ಉಳಿಗಾಲವಿಲ್ಲ. ಇದಲ್ಲದೆ, ಈಗ ದೇಶದೆಲ್ಲೆಡೆ ಬರುತ್ತಿರುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುವಂಥದ್ದು. ಕಡಲ ತೇವವಿರುವ ವಿಶಾಖಪಟ್ಟಣದಲ್ಲಿ ಟ್ಯಾಂಕಿನೊಳಗೆ ತುಕ್ಕು ಬೇಗ ಹಿಡಿಯುತ್ತದೆ. ಪೆಟ್ರೋಲಿನ ಕೊಳವೆ, ಸೀಲುಗಳನ್ನು ಎಥೆನಾಲ್ ತಡೆಯುವ ಹೊಸ ರಬ್ಬರಿನವಾಗಿ ಬದಲಿಸಿ, ವಾರಗಟ್ಟಲೆ ಓಡಿಸದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿಡುವುದು ಒಳ್ಳೆಯದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ತಂದೆಯವರ ನಂಬರ್ ಉಳಿಯಬೇಕಾದರೆ

ಗಾಡಿಯ ಕೆಲಸಕ್ಕಿಂತ ಕಾಗದದ ಕೆಲಸ ದೊಡ್ಡದು ಎಂದರೆ ತಪ್ಪಾಗಲಾರದು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಎಂದು ಆರಂಭವಾಗುವ ನಂಬರ್ ಪ್ಲೇಟನ್ನು ಕಂಡರೆ ಹಿರಿಯರ ಕಣ್ಣು ಅರಳುತ್ತದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ, ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31 ಇದೆ. ಮರಣ ಪತ್ರ, ವಾರಸುದಾರಿಕೆಯ ದಾಖಲೆ ಜೊತೆಗಿರಬೇಕು.

ಹಳೆಯ ನಂಬರ್ ಕಳೆದುಕೊಳ್ಳಲು ಮನಸ್ಸಿಲ್ಲದವರಿಗೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ವಾಹನಗಳ ನಿಯಮ ದಾರಿ ತೋರಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಇದು ಅನ್ವಯಿಸುತ್ತದೆ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವಕ್ಕೆ ‘ವಿ.ಎ.’ ಅಕ್ಷರಗಳ ಸಾಲು. ನಿಯಮ ಬಂದಾಗ ನಿಗದಿಯಾದ ಶುಲ್ಕ ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ., ಅವಧಿ 10 ವರ್ಷ. ಆದರೆ ಇಂತಹ ಗಾಡಿಯನ್ನು ದಿನನಿತ್ಯ ಕಚೇರಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು, ದುರಸ್ತಿ ಇವಿಷ್ಟಕ್ಕೇ ರಸ್ತೆಗಿಳಿಸಬಹುದು.

ಎಂಜಿನ್ ಕೆಲಸಕ್ಕೂ ಕಾಗದಕ್ಕೂ ಇರುವ ಸಂಬಂಧ ಇಲ್ಲೇ. ಚೌಕಟ್ಟನ್ನಾಗಲಿ ಎಂಜಿನ್ನನ್ನಾಗಲಿ ಗಣನೀಯವಾಗಿ ಮಾರ್ಪಡಿಸಿದ ಗಾಡಿಯನ್ನು ನಿಯಮ ಒಪ್ಪುವುದಿಲ್ಲ. ಬಿರುಕು ಬಿಟ್ಟ ಕವಚವನ್ನು ಬೆಸುಗೆ ಹಾಕಿಸುವುದಕ್ಕಿಂತ ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವುದು ಅಗ್ಗ ಎಂದು ಸಲಹೆ ಕೊಡುವವರಿರುತ್ತಾರೆ. ಆದರೆ ಹಳೆಯ ಕವಚದ ಮೇಲೆ ಕೊರೆದ ನಂಬರ್ ಆರ್.ಸಿ. ಪುಸ್ತಕದ ನಂಬರಿಗೆ ತಾಳೆಯಾಗುತ್ತದೆ, ತಂದದ್ದು ಆಗುವುದಿಲ್ಲ. ಚೆಕ್ಕಿನ ಸಹಿ ತಾಳೆಯಾಗದಿದ್ದರೆ ಹಣ ಕೈಗೆ ಬಾರದು, ಇದೂ ಹಾಗೆಯೇ. ಪಿಸ್ಟನ್, ಬೇರಿಂಗು, ಸೀಲು ಸವೆಯುವ ಭಾಗಗಳು, ಬದಲಾಗಲೇಬೇಕು. ನಂಬರ್ ಇರುವ ಕವಚ, ಚೌಕಟ್ಟು ಮಾತ್ರ ಏನೇ ಆದರೂ ಉಳಿಯಬೇಕು. ನಂಬರಿನ ಮೇಲೆ ಮರಳು ಊದಿಸುವುದು, ಗ್ರೈಂಡರ್ ಹಿಡಿಯುವುದು ಬೇಡವೇ ಬೇಡ.

ಬೆಟ್ಟ ಹತ್ತುವ ದಿನ

ಎಲ್ಲ ಜೋಡಿಸಿ, ಕಿಡಿಯ ಸಮಯ ಹೊಂದಿಸಿ, ಪಾಯಿಂಟಿನ ನಡುವೆ ಸುಮಾರು 0.4 ಮಿ.ಮೀ. ಸಂದು ಬಿಟ್ಟು, ಕಿಕ್ಕರ್ ಒದ್ದಾಗ ಮೊದಲ ಸದ್ದು ಬರುವ ಗಳಿಗೆ ಮನೆಯವರೆಲ್ಲ ಹೊರಗೆ ಬಂದು ನಿಲ್ಲುವ ಗಳಿಗೆ. ಆದರೆ ಹೊಸ ಪಿಸ್ಟನ್ ಹಾಕಿದ ಗಾಡಿಯಲ್ಲಿ ಅಂದೇ ಸಿಂಹಾಚಲಂ ಘಾಟಿ ಹತ್ತಬಾರದು. ದೇವಸ್ಥಾನ ಇರುವುದು ಸುಮಾರು 300 ಮೀಟರ್ ಎತ್ತರದ ಬೆಟ್ಟಸಾಲಿನಲ್ಲಿ. ಏರುದಾರಿಯಲ್ಲಿ ಎಂಜಿನ್ ಮೇಲೆ ಭಾರ ಹೆಚ್ಚು, ಬೀಸುವ ಗಾಳಿ ಕಡಿಮೆ. ಮೊದಲ ಕೆಲವು ನೂರು ಕಿಲೋಮೀಟರ್ ಸಮತಟ್ಟಾದ ದಾರಿಯಲ್ಲಿ, ನಿಧಾನವಾಗಿ, ಆಗಾಗ ನಿಲ್ಲಿಸಿ ತಣಿಸುತ್ತ ಓಡಿಸಬೇಕು.

ಹತ್ತುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಇಳಿಯುವಾಗ ಮರೆಯುತ್ತಾರೆ. ಟೂಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜೊತೆ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಜಾರಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಬರುವುದಿಲ್ಲ. ಆಗಾಗ ಸ್ವಲ್ಪ ತಿರುಗಿಸಿ ಕೊಡುತ್ತಿರಬೇಕು. ಯಾದವಗಿರಿಯ ಗಾಡಿಯಲ್ಲಿ ಚಾಮುಂಡಿ ಬೆಟ್ಟ ಇಳಿದವರು ಇದನ್ನು ಯಾರೂ ಹೇಳಿಕೊಡದೆ ಕಲಿತಿದ್ದರು.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ, ಯೆಜ್ಡಿಗಳು ಸಾಲುಗಟ್ಟುತ್ತವೆ. ಹೊರನಾಡಿನ ಹಿತ್ತಲುಗಳಲ್ಲಿಯೂ ಇಂತಹ ಗಾಡಿಗಳು ಇನ್ನೂ ಇರಬಹುದು. ಕನ್ನಡ ಸಂಘಗಳ ಸದಸ್ಯರು ತಮ್ಮ ತಮ್ಮ ಮನೆಗಳಲ್ಲಿ ಒಮ್ಮೆ ನೋಡಲಿ. ಆರ್.ಸಿ. ಪುಸ್ತಕ ಎಲ್ಲಿದೆ ಎಂದು ಹುಡುಕಿಡಲಿ. ಕ್ರ್ಯಾಂಕ್ ಬಿಚ್ಚಿ ಕೂರಿಸಬಲ್ಲ ಹಿರಿಯ ಮೆಕ್ಯಾನಿಕರು ಯಾರಿದ್ದಾರೆಂದು ವಿಚಾರಿಸಿ, ಒಬ್ಬ ಹುಡುಗನನ್ನು ಅವರ ಪಕ್ಕದಲ್ಲಿ ನಿಲ್ಲಿಸಲಿ. ಬಿಡಿಭಾಗವನ್ನು ಇನ್ನೊಮ್ಮೆ ಮಾಡಿಸಬಹುದು. ಆ ಕೈಗಳು ಇಲ್ಲವಾದ ಮೇಲೆ ಅವರ ವಿದ್ಯೆಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಸಿಂಹಾಚಲಂಗೆ ವಾಹನ ಪೂಜೆಗೆಂದು ಹೊಸ ಗಾಡಿಗಳನ್ನು ತರುವವರು ಬಹಳ. ಅವುಗಳ ಸಾಲಿನಲ್ಲಿ ಎಂ.ವೈ. ನಂಬರಿನ ಒಂದು ಹಳೆಯ ಜಾವಾ ಹಾರ ಹಾಕಿಸಿಕೊಂಡು ನಿಂತರೆ ಅದು ಪ್ರತಿಯೊಬ್ಬ ಕನ್ನಡಿಗನೂ ಹೆಮ್ಮೆಪಡಬೇಕಾದ ಸಂಗತಿ. ಗುಜರಿಯವನು ತಕ್ಕಡಿ ತರುವ ಮೊದಲೇ ಅಣ್ಣತಮ್ಮಂದಿರು ಕುಳಿತು ತೀರ್ಮಾನಿಸಿದರೆ ಅದು ಸಾಧ್ಯ.